ಬಸಪ್ಪ ದಾನಪ್ಪ ಜತ್ತಿಯವರ ರಾಜಕೀಯ ಜೀವನ: ಒಂದು ವಿಮರ್ಶೆ

ಅಧಿಕಾರಸ್ಥರ ಚರಿತ್ರೆಯನ್ನು ಬರೆಯುವವರು ಅವರ ಪದವಿಗಳನ್ನು ಮೆಟ್ಟಿಲುಗಳಂತೆ ಎಣಿಸಿ ತೃಪ್ತರಾಗುವುದು ವಾಡಿಕೆ. ಬಸಪ್ಪ ದಾನಪ್ಪ ಜತ್ತಿಯವರ (1912–2002) ವಿಷಯದಲ್ಲಿ ಈ ಕ್ರಮವು ಸಾಲದು. ಸಾವಳಗಿಯಲ್ಲಿ ಜನಿಸಿದ ಇವರು ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಗಳಾಗಿದ್ದು, 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ಲೀನವಾದ ಬಳಿಕ ಅಲ್ಲಿಯ ಶಾಸನಸಭೆಯನ್ನು ಸೇರಿದರು; 1952ರ ಚುನಾವಣೆಯ ತರುವಾಯ ಮೊರಾರ್ಜಿ ದೇಸಾಯಿಯವರ ಮಂತ್ರಿಮಂಡಲದಲ್ಲಿ ಉಪಮಂತ್ರಿಗಳಾದರು. 1958ರಿಂದ 1962ರ ವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳು, 1974ರಲ್ಲಿ ಉಪರಾಷ್ಟ್ರಪತಿಗಳು. ಆದರೆ ಇವರ ಯೋಗ್ಯತೆಯನ್ನು ಅಳೆಯಲು ಎರಡೇ ಪ್ರಸಂಗಗಳು ಮುಖ್ಯವಾದುವು.

ಮೊದಲನೆಯದು ಭೂಸುಧಾರಣೆ. ರಾಜ್ಯದ ಏಕೀಕರಣಾನಂತರ ಗೇಣಿಶಾಸನಗಳನ್ನು ಪರಿಶೀಲಿಸಿದ ಸಮಿತಿಗೆ ಇವರೇ ಅಧ್ಯಕ್ಷರು. ಅದರ ವರದಿಯೇ 1961ರ ಭೂಸುಧಾರಣಾ ಶಾಸನಕ್ಕೆ ತಳಹದಿಯಾಯಿತು. ಹಾಗಿದ್ದೂ ಅಮಾಸೆಬೈಲು ಮೊದಲಾದ ಊರುಗಳುಳ್ಳ ಕುಂದಾಪುರದ ಸೀಮೆಯನ್ನೊಳಗೊಂಡು, ಚಾಲಗೇಣಿಯು ರೂಢಿಯಲ್ಲಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಒಕ್ಕಲುಗಳಿಗೆ ಭೂಮಿಯ ಒಡೆತನವು ವ್ಯಾಪಕವಾಗಿ ದೊರೆತುದು 1974ರ ತಿದ್ದುಪಡಿಯಿಂದ. ಆದಕಾರಣ ಜತ್ತಿಯವರದು ದಾರಿಯನ್ನು ತೆರೆದ ಕಾರ್ಯವೇ ಹೊರತು ಗುರಿಯನ್ನು ಮುಟ್ಟಿಸಿದ ಕಾರ್ಯವಲ್ಲ.

ಎರಡನೆಯದು 1977ರದು. ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾಗಲು, ಆ ಪದವಿಯ ಕಾರ್ಯಭಾರವು ಇವರ ಮೇಲೆ ಬಿದ್ದಿತು. 1841ರಲ್ಲಿ ಅಮೆರಿಕದ ಅಧ್ಯಕ್ಷ ಹ್ಯಾರಿಸನ್ನರು ಮೃತರಾದಾಗ, ಉಪಾಧ್ಯಕ್ಷ ಜಾನ್ ಟೈಲರರು ತಾವು ಬರಿಯ ಹಂಗಾಮಿಯಲ್ಲ, ಪೂರ್ಣಾಧ್ಯಕ್ಷರೆಂದೇ ಸಾಧಿಸಿ, ತಮ್ಮ ಪಕ್ಷದ ಮಸೂದೆಗಳನ್ನೇ ತಡೆದು ಪಕ್ಷದಿಂದ ಬಹಿಷ್ಕೃತರಾದರು. ಭಾರತದ ಸಂವಿಧಾನವು ಅಂಥ ವಾದಕ್ಕೆ ಎಡೆಗೊಡುವುದಿಲ್ಲ. ಹೊಸ ಚುನಾವಣೆಯು ಆರು ತಿಂಗಳೊಳಗೆ ನಡೆಯತಕ್ಕದ್ದು. ಮಾರ್ಚ್ 24ರಂದು ಜತ್ತಿಯವರು ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದುದು, ಹಿಂದೆ ತಾವು ಯಾರ ಕೈಕೆಳಗೆ ಉಪಮಂತ್ರಿಯಾಗಿದ್ದರೋ ಆ ಮೊರಾರ್ಜಿಯವರಿಗೇ.

ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಮಂತ್ರಿಮಂಡಲವು ಸಲಹೆಯಿತ್ತಾಗ ಇವರು ಕೂಡಲೇ ಅಂಕಿತ ಹಾಕಲಿಲ್ಲ. ಏಪ್ರಿಲ್ 29ರಂದು ಸುಪ್ರೀಂ ಕೋರ್ಟು ರಾಜ್ಯಗಳ ದಾವೆಗಳನ್ನು ವಜಾ ಮಾಡಿತ್ತು. ಅಂಕಿತವು ಬಿದ್ದುದು 30ರಂದು. ಈ ವಿಳಂಬವನ್ನು ಪಕ್ಷಪಾತವೆಂದು ದೂಷಿಸಿದವರುಂಟು. ನಲವತ್ತೆರಡನೆಯ ತಿದ್ದುಪಡಿಯಂತೆ ಮಂತ್ರಿಮಂಡಲದ ಸಲಹೆಯು ಬದ್ಧವಾದುದರಿಂದ, ಶಾಸನದೃಷ್ಟಿಯಿಂದ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಸಲಹೆಯನ್ನು ಒಮ್ಮೆ ಪುನಃಪರಿಶೀಲನೆಗೆ ಕಳುಹಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟುದು 1978ರ ನಲವತ್ತನಾಲ್ಕನೆಯ ತಿದ್ದುಪಡಿಯೇ. ಅದನ್ನು ತಂದುದೂ ಅದೇ ಮೊರಾರ್ಜಿಯವರ ಸರಕಾರವು. ಜತ್ತಿಯವರ ಉದ್ದೇಶವು ಏನೇ ಇರಲಿ, ಅಂಥ ಸ್ಥಾನದಲ್ಲಿರುವವರಿಗೆ ಮರುಯೋಚನೆಯ ಅವಕಾಶವು ಬೇಕೆಂಬ ಮಾತನ್ನು ಸಂವಿಧಾನವೇ ತರುವಾಯ ಒಪ್ಪಿಕೊಂಡಿತು. ಪದವಿಗಳ ಪಟ್ಟಿಯಲ್ಲಿ ಸಿಕ್ಕದ ಈ ಒಂದು ದಿನವನ್ನು ಬಿಟ್ಟು ಇವರ ಚರಿತ್ರೆಯನ್ನು ಬರೆಯಲಾಗದು.