ಉಡಿ ತುಂಬಿದವರನ್ನು ಲೆಕ್ಕ ಕೇಳಬಹುದೆ?

‘ಪ್ರಾಮಾಣಿಕ’, ‘ನಿಸ್ವಾರ್ಥ’ ಎಂಬ ಎರಡು ಶಬ್ದಗಳು ನಮ್ಮ ಬಳ್ಳಾರಿಯಲ್ಲಿ ಸವೆದಷ್ಟು ಬೇರೆ ಯಾವ ಶಬ್ದಗಳೂ ಸವೆದಿರಲಾರವು. ರಾಯಲ್ ಸರ್ಕಲ್ಲಿನಲ್ಲಿ ನಿಂತು ಸುತ್ತ ಕಟ್ಟಿರುವ ಹುಟ್ಟುಹಬ್ಬದ ಬ್ಯಾನರುಗಳನ್ನು ಓದಿ ನೋಡಿ. ಅವುಗಳಲ್ಲಿ ಒಬ್ಬರೇ ಒಬ್ಬರು ಅಪ್ರಾಮಾಣಿಕರಿಲ್ಲ, ಸ್ವಾರ್ಥಿಗಳಂತೂ ಇಲ್ಲವೇ ಇಲ್ಲ. ಎಲ್ಲರೂ ಬಡವರ ಬಂಧುಗಳು, ಎಲ್ಲರೂ ಕೊಡುಗೈ ದಾನಿಗಳು. ಸಿರುಗುಪ್ಪಕ್ಕೋ ಕುರುಗೋಡಿಗೋ ಹೋದರೆ ಬ್ಯಾನರಿನ ಅಳತೆ ಸ್ವಲ್ಪ ಚಿಕ್ಕದಾಗುತ್ತದೆಯೇ ಹೊರತು ಗುಣವಾಚಕಗಳು ಕಡಿಮೆಯಾಗುವುದಿಲ್ಲ. ಇಷ್ಟೊಂದು ನಿಸ್ವಾರ್ಥಿಗಳಿರುವ ನಾಡಿನಲ್ಲಿ ಕೊಡ ಹಿಡಿದ ಹೆಂಗಸರು ನಲ್ಲಿಯ ಮುಂದೆ ಯಾಕೆ ಕಾಯುತ್ತಾರೆ ಎಂಬುದು ಮಾತ್ರ ತಿಳಿಯುವುದಿಲ್ಲ.

ನಿಸ್ವಾರ್ಥವನ್ನು ಗುರುತಿಸುವುದು ಹೇಗೆ? ಒಬ್ಬರ ಮನಸ್ಸಿನೊಳಗೆ ಎಷ್ಟು ಸ್ವಾರ್ಥವಿದೆ ಎಂದು ಅಳೆಯಲು ನಮ್ಮಲ್ಲಿ ಸೇರಿಲ್ಲ, ಪಾವಿಲ್ಲ. ಆದ್ದರಿಂದ ಕಣ್ಣಿಗೆ ಕಾಣುವುದನ್ನು ಹಿಡಿದು ತೀರ್ಪು ಕೊಡುತ್ತೇವೆ. ಕಣ್ಣಿಗೆ ಕಾಣುವುದು ಕೊಡುವ ಕೈ. ಯಾರು ಕೊಟ್ಟರೋ ಅವರು ಸೇವೆ ಮಾಡಿದರು. ಹೆಚ್ಚು ಕೊಟ್ಟವರು ಹೆಚ್ಚು ಸೇವೆ ಮಾಡಿದರು. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂಬ ಗಾದೆ ಚುನಾವಣೆಯ ಕಾಲಕ್ಕೆ ತಲೆಕೆಳಗಾಗುತ್ತದೆ. ಅಲ್ಲಿ ಕೊಟ್ಟವನೇ ಈರಭದ್ರ, ಈಸಿಕೊಂಡವರು ಐದು ವರ್ಷ ಕೋಡಂಗಿಗಳು.

ನಾವು ಹೆಣ್ಣುಮಕ್ಕಳಿಗೆ ಈ ಕೊಡುಗೆ ಬರುವ ರೀತಿಯೇ ಬೇರೆ. ಅದು ಹಣದ ರೂಪದಲ್ಲಿ ಬಂದರೆ ಲಂಚವೆಂದು ಮುಖ ಸಿಂಡರಿಸಬಹುದು. ಆದರೆ ಸೀರೆ, ಕುಪ್ಪಸದ ಕಣ, ಅರಿಶಿನ ಕುಂಕುಮ, ಬಳೆ, ಎಲೆ ಅಡಿಕೆಯ ರೂಪದಲ್ಲಿ ಬಂದಾಗ ಅದು ಲಂಚವಾಗಿ ಉಳಿಯುವುದಿಲ್ಲ, ಉಡಿಯಾಗುತ್ತದೆ. ಉಡಿ ತುಂಬುವವರು ತವರಿನವರು. ಮುತ್ತೈದೆಯಾದವಳು ಸೆರಗೊಡ್ಡಿ ಈಸಿಕೊಳ್ಳಬೇಕು, ಬೇಡವೆನ್ನಬಾರದು. ಹೀಗೆ ಉಡಿ ತುಂಬಿದ ನಾಯಕ ಆ ಕ್ಷಣದಿಂದ ನಾಯಕನಲ್ಲ, ಅಣ್ಣ. ಅಣ್ಣನನ್ನು ‘ಈ ಸೀರೆಗೆ ಹಣ ಎಲ್ಲಿಂದ ತಂದೆ?’ ಎಂದು ಯಾವ ತಂಗಿ ಕೇಳಿದ್ದಾಳೆ?

ನಮ್ಮ ಊರಿನ ರಾಜಕೀಯಕ್ಕೂ ಹೆಣ್ಣಿಗೂ ಇರುವ ನಂಟು ಹಳೆಯದು. 1984, 1989, 1991ರ ಮೂರು ಚುನಾವಣೆಗಳಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಹೋದವರು ಬಸವರಾಜೇಶ್ವರಿ. ನರಸಿಂಹರಾವ್ ಅವರ ಸರ್ಕಾರದಲ್ಲಿ ಅವರು ರಾಜ್ಯ ಸಚಿವೆಯೂ ಆಗಿದ್ದರು. 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಲ್ಲಿ ಎದುರುಬದುರು ನಿಂತಾಗ ದೇಶವೆಲ್ಲ ಬಳ್ಳಾರಿಯ ಕಡೆ ನೋಡಿತು. ಸುಷ್ಮಾ ಅವರು ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಗೆದ್ದವರು ಸೋನಿಯಾ. ಅವರು ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು, 2000ದಲ್ಲಿ ಉಪಚುನಾವಣೆ ನಡೆಯಿತು. ಸೋತ ಸುಷ್ಮಾ ಮಾತ್ರ ಮುಂದೆ ಹಲವು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬಂದರು. ಗೆದ್ದವರು ಬರಲಿಲ್ಲ, ಸೋತವರು ಬಂದರು ಎಂದು ನಮ್ಮ ಓಣಿಗಳಲ್ಲಿ ಹೆಂಗಸರು ಮೆಚ್ಚಿ ಆಡಿಕೊಂಡದ್ದು ಸಹಜವೇ. ಮಾತು ಕೊಟ್ಟು ಬರುವುದು ಸಣ್ಣ ಗುಣವಲ್ಲ.

ಆದರೆ ಆ ಹಬ್ಬ ಬೆಳೆದ ಬಗೆಯನ್ನು ವಿಮರ್ಶೆ ಮಾಡಲೇಬೇಕು. ಮನೆಯ ಜಗುಲಿಯ ಮೇಲೆ ಕಳಶವಿಟ್ಟು ನೆರೆಹೊರೆಯವರನ್ನು ಕುಂಕುಮಕ್ಕೆ ಕರೆಯುವ ಹಬ್ಬ ಅದು. ರೆಡ್ಡಿ ಸೋದರರು ಮತ್ತು ಶ್ರೀರಾಮುಲು ಅವರ ಕಾಲದಲ್ಲಿ ಅದು ದೊಡ್ಡ ಚಪ್ಪರದ ಹಬ್ಬವಾಯಿತು, ಅದರ ಜೊತೆಗೆ ಸಾಮೂಹಿಕ ವಿವಾಹಗಳೂ ನಡೆದವು. ಸಾಲ ಮಾಡಿ ಮದುವೆ ಮಾಡಬೇಕಾಗಿದ್ದ ಎಷ್ಟೋ ಬಡ ತಂದೆತಾಯಿಗಳ ಹೊರೆ ಅಲ್ಲಿ ಇಳಿಯಿತು, ಅದನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ಮದುವೆಯ ಸಾಲ ತೀರಿಸಲು ಹೊಲ ಮಾರಿದವರ ಸಂಕಟ ಹೊಟ್ಟೆ ತುಂಬಿದವರಿಗೆ ಅರ್ಥವಾಗುವುದಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ತಾಳಿಯ ಜೊತೆಗೆ ಆ ಮನೆಗೊಂದು ಋಣವೂ ಬಂತು. ಆ ಋಣದ ತೂಕ ಎಷ್ಟೆಂದು ಯಾರೂ ಹೇಳಲಿಲ್ಲ.

ತೂಕ ಹೇಳಿದ್ದು ಬೇರೊಂದು ದಾಖಲೆ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ಬಗ್ಗೆ 2008ರ ಡಿಸೆಂಬರಿನಲ್ಲಿ ಮೊದಲ ವರದಿಯನ್ನೂ, 2011ರ ಜುಲೈ 27ರಂದು ಎರಡನೆಯದನ್ನೂ ಸರ್ಕಾರಕ್ಕೆ ಕೊಟ್ಟರು. 2006ರಿಂದ 2010ರ ನಡುವೆ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಆ ವರದಿ ಲೆಕ್ಕ ಹಾಕಿತು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಎರಡೇ ದಿನದಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಸೆಪ್ಟೆಂಬರ್ 5ರಂದು ಜನಾರ್ದನ ರೆಡ್ಡಿಯವರನ್ನು ಸಿಬಿಐ ಬಂಧಿಸಿತು. ಓಬಳಾಪುರಂ ಗಣಿ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ಅವರಿಗೆ ಏಳು ವರ್ಷದ ಶಿಕ್ಷೆ ವಿಧಿಸಿತು, ಆಮೇಲೆ ತೆಲಂಗಾಣ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ತಪ್ಪು ಒಪ್ಪುಗಳ ಕಡೆಯ ಮಾತನ್ನು ನ್ಯಾಯಾಲಯವೇ ಹೇಳಲಿ. ನನ್ನ ಪ್ರಶ್ನೆ ನಮ್ಮನ್ನು ಕುರಿತದ್ದು. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಿ, ಒಣಹಾಕಿದ ಬಟ್ಟೆಯ ಮೇಲೆ ಕೆಂಪು ಧೂಳು ಕೂರುತ್ತಿದ್ದ ವರ್ಷಗಳೂ, ಚಪ್ಪರದ ಕೆಳಗೆ ಉಡಿ ತುಂಬಿಸಿಕೊಂಡ ವರ್ಷಗಳೂ ಒಂದೇ. ಎರಡನ್ನೂ ಜೊತೆಗಿಟ್ಟು ನೋಡಿದವರು ನಮ್ಮಲ್ಲಿ ಎಷ್ಟು ಜನ?

ಸಿರುಗುಪ್ಪದ ಕಡೆಯ ಒಂದು ಹಳ್ಳಿಯಲ್ಲಿ ಭತ್ತದ ಗದ್ದೆಯ ಬದುವಿನ ಮೇಲೆ ಕುಳಿತು ಒಬ್ಬಾಕೆಯೊಡನೆ ಮಾತನಾಡಿದ್ದು ನೆನಪಿದೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ಕೊನೆಯ ಭಾಗದ ಹೊಲ ಅವಳದು. ಮೇಲಿನವರು ನೀರು ತಿರುಗಿಸಿಕೊಂಡರೆ ಇವಳ ತೂಬು ಒಣಗುತ್ತದೆ. “ನಿಮ್ಮ ನಾಯಕರನ್ನು ಕೇಳಬಾರದೇನಮ್ಮಾ?” ಎಂದೆ. ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿ, “ಹಬ್ಬಕ್ಕ ಸೀರಿ ಕೊಟ್ಟಾನಕ್ಕಾ. ಉಂಡ ಮನಿಗೆ ಎದುರು ಮಾತಾಡಾಕ ಆಗ್ತದೇನು?” ಎಂದಳು. ಅವಳಿಗೆ ಬುದ್ಧಿಯಿಲ್ಲವೆಂದು ತಿಳಿಯಬೇಡಿ. ಮಾತಿಗೆ ತಪ್ಪಬಾರದು, ಉಪಕಾರ ಮರೆಯಬಾರದು ಎಂಬ ಒಳ್ಳೆಯ ಸಂಸ್ಕಾರವೇ ಅವಳ ಬಾಯಿ ಕಟ್ಟಿತ್ತು. ನಮ್ಮ ಪ್ರಾಮಾಣಿಕತೆಯನ್ನೇ ಬಳಸಿಕೊಂಡು ಇನ್ನೊಬ್ಬರು ಪ್ರಾಮಾಣಿಕರಾಗದೆ ಉಳಿಯುವ ಉಪಾಯ ಇದು. ಕೊಡುಗೆಯ ರಾಜಕೀಯದಲ್ಲಿ ನನಗೆ ಎಲ್ಲಕ್ಕಿಂತ ನೋವು ಕೊಡುವುದು ಇದೇ.

ಬಂಧುತ್ವವಿದ್ದ ಕಡೆ ಲೆಕ್ಕ ಕೇಳಬಾರದು ಎಂಬುದು ನಿಜವೆ? ನಮ್ಮ ಹೆಂಗಸರೇ ಅದನ್ನು ಸುಳ್ಳು ಮಾಡಿದ್ದಾರೆ. ಕರ್ನಾಟಕದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಗುಂಪುಗಳು ಆರಂಭವಾದವು. ಕುರುಗೋಡಿನ ಸುತ್ತಲ ಹಳ್ಳಿಗಳ ಗುಂಪಿನ ಸಭೆಗೆ ಹೋಗಿ ನೋಡಿ. ಹದಿನೈದು ಇಪ್ಪತ್ತು ಜನ ಚಾಪೆಯ ಮೇಲೆ ಕೂತಿರುತ್ತಾರೆ. ಅವರಲ್ಲಿ ಅತ್ತೆ ಸೊಸೆಯರು, ಅತ್ತಿಗೆ ನಾದಿನಿಯರು, ಒಂದೇ ಓಣಿಯ ಅಕ್ಕತಂಗಿಯರು ಇರುತ್ತಾರೆ. ಉಳಿತಾಯ ಎಷ್ಟು, ಸಾಲ ಯಾರಿಗೆ, ಕಂತು ಬಂತೆ ಎಂದು ಪುಸ್ತಕ ಬಿಚ್ಚಿ ಎಲ್ಲರ ಮುಂದೆ ಓದುತ್ತಾರೆ. “ಅತ್ತಿಗೆ, ಹೋದ ವಾರದ ಕಂತು ನಿನ್ನದು ಬಂದಿಲ್ಲ” ಎಂದು ನಾದಿನಿ ಹೇಳಿದರೆ ಅಲ್ಲಿ ಸಂಬಂಧ ಹರಿಯುವುದಿಲ್ಲ. ಓದು ಬಾರದವಳು ಕೂಡ ತನ್ನ ಹತ್ತು ರೂಪಾಯಿ ಎಲ್ಲಿದೆ ಎಂದು ಕೇಳಿ ತಿಳಿಯುತ್ತಾಳೆ. ಹತ್ತು ರೂಪಾಯಿಗೆ ಅತ್ತಿಗೆಯನ್ನು ಕೇಳಬಲ್ಲವರು, ಬೊಕ್ಕಸದ ಕೋಟಿಗಳಿಗೆ ಅಣ್ಣನನ್ನು ಯಾಕೆ ಕೇಳಬಾರದು?

ಹಿಂದಿನವರೆಲ್ಲ ದೇವತೆಗಳು, ಈಗಿನವರೆಲ್ಲ ಹಾಳು ಎಂಬ ಮಾತನ್ನು ನಾನು ನಂಬುವುದಿಲ್ಲ. ಆದರೆ ಹೋಲಿಸಿ ನೋಡಲು ಕೆಲವರನ್ನು ನೆನೆಯಬೇಕು. 1967ರಲ್ಲೂ 1971ರಲ್ಲೂ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದವರು ಅರ್ಥಶಾಸ್ತ್ರಜ್ಞ ಡಾ. ವಿ. ಕೆ. ಆರ್. ವಿ. ರಾವ್. ಕೇಂದ್ರದಲ್ಲಿ ಶಿಕ್ಷಣ ಸಚಿವರೂ ಆಗಿದ್ದರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಆರ್ಥಿಕ ಬೆಳವಣಿಗೆಯ ಸಂಸ್ಥೆ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆ, ಈ ಮೂರನ್ನೂ ಕಟ್ಟಿದವರು ಅವರು. ಯಾವ ಸಂಸ್ಥೆಯ ಹೆಸರಿನಲ್ಲೂ ಅವರ ಹೆಸರಿಲ್ಲ. ಇಂದು ಒಂದು ಬಸ್ ತಂಗುದಾಣ ಕಟ್ಟಿಸಿದರೂ ಕಟ್ಟಿಸಿದವರ ಹೆಸರು ಊರಿನ ಹೆಸರಿಗಿಂತ ದೊಡ್ಡದಾಗಿರುತ್ತದೆ.

ಇನ್ನೊಬ್ಬರು ಅಧಿಕಾರದ ಹತ್ತಿರವೂ ಇರಲಿಲ್ಲ. ಆಗ ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಭ್ರಮದ ಸಮಾರಂಭಕ್ಕೆ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ದಾಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ವೇದಿಕೆಯ ಮೇಲೆ ಕೂರುವವರಿಗಾಗಿ ಹಾಕಿದ ಚಪ್ಪರವನ್ನು ವೇದಿಕೆ ಏರದವರೊಬ್ಬರು ಕಾದರು. ಸೇವೆ ಎಂಬ ಮಾತು ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಹೆಸರು.

ತೀರ ಈಚಿನ ಒಂದು ಸಂಗತಿಯನ್ನೂ ಹೇಳಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಣೆಕಟ್ಟೆ ಈಗ ವಿಜಯನಗರ ಜಿಲ್ಲೆಯಲ್ಲಿದ್ದರೂ ಸಿರುಗುಪ್ಪ, ಕುರುಗೋಡಿನ ಅನ್ನ ಆ ನೀರಿನಲ್ಲಿದೆ. ಎಲ್ಲ ಪಕ್ಷದ ನಾಯಕರೂ ಬಂದು ನೋಡಿದರು, ಒಬ್ಬರನ್ನೊಬ್ಬರು ದೂರಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು, ನಿವೃತ್ತಿಯ ವಯಸ್ಸು ದಾಟಿ ಎಷ್ಟೋ ವರ್ಷವಾದವರು, ಹರಿಯುವ ನೀರಿನಲ್ಲೇ ತಡೆ ಹಲಗೆಗಳನ್ನು ಇಳಿಸುವ ಕೆಲಸಕ್ಕೆ ನಿಂತರು. ಕಾರ್ಮಿಕರು ಜೀವ ಪಣಕ್ಕಿಟ್ಟು ದುಡಿದರು. ಒಂದು ವಾರದಲ್ಲಿ ನೀರು ನಿಂತಿತು. ಸರಪಳಿಗೆ ಕಾಲಕಾಲಕ್ಕೆ ಎಣ್ಣೆ ಹಾಕುವ, ತುಕ್ಕು ನೋಡುವ ಕೆಲಸಕ್ಕೆ ಉದ್ಘಾಟನೆಯಿಲ್ಲ, ಹಾರವಿಲ್ಲ, ಫೋಟೋ ಇಲ್ಲ. ಅಡುಗೆಮನೆಯಲ್ಲಿ ದಿನವೂ ದುಡಿಯುವ ನಮಗೆ ಇದು ಚೆನ್ನಾಗಿ ಗೊತ್ತು. ಕೆಲಸ ಆಗುವವರೆಗೆ ಅದು ಯಾರಿಗೂ ಕಾಣುವುದಿಲ್ಲ, ಒಂದು ದಿನ ನಿಂತರೆ ಮನೆಯೆಲ್ಲ ಕೂಗಾಡುತ್ತದೆ. ನಾಡಿನ ಸೇವೆಯೂ ಬಹುಪಾಲು ಹೀಗೆ ಕಾಣದ ಕೆಲಸವೇ. ಕಾಣುವ ಕೆಲಸವನ್ನು ಮಾತ್ರ ಮಾಡುವವರು ಸೇವಕರಲ್ಲ, ಪ್ರದರ್ಶಕರು.

ಹಾಗಾದರೆ ನಾವೇನು ಮಾಡಬಹುದು? ಮೊದಲು, ಯಾವುದು ಉಡಿ, ಯಾವುದು ಹಕ್ಕು ಎಂದು ಬೇರೆ ಮಾಡಿ ನೋಡಬಹುದು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯನ್ನೂ ‘ಅವರು ಕೊಟ್ಟರು’ ಎಂದೇ ಹೇಳುವವರಿದ್ದಾರೆ. ಅದು ಬೊಕ್ಕಸದ ಹಣ. ನಾವು ಬೆಂಕಿಪೊಟ್ಟಣ ಕೊಂಡಾಗ, ಸೋಪು ಕೊಂಡಾಗ ಕಟ್ಟಿದ ತೆರಿಗೆಯೂ ಅದರಲ್ಲಿದೆ. ಯಾವ ಪಕ್ಷದ ಸರ್ಕಾರ ಕೊಟ್ಟರೂ ಅದಕ್ಕೆ ಋಣಿಯಾಗಬೇಕಿಲ್ಲ. ಎರಡನೆಯದಾಗಿ, ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ಮೊಕದ್ದಮೆ, ಓದು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. ಹೆಣ್ಣು ಕೊಡುವ ಮುನ್ನ ಗಂಡಿನ ಮನೆಯನ್ನು ಏಳು ಕಡೆ ವಿಚಾರಿಸುವವರು ನಾವು. ಹುಡುಗನಿಗೆ ಸಾಲವಿದೆಯೆ, ಕೋರ್ಟು ಕಚೇರಿ ಇದೆಯೆ ಎಂದು ನೆಂಟರ ನೆಂಟರಿಂದ ತಿಳಿಯುತ್ತೇವೆ. ಊರನ್ನೇ ಐದು ವರ್ಷಕ್ಕೆ ಒಪ್ಪಿಸುವಾಗ ಆ ಒಂದು ಕಾಗದವನ್ನು ಮಗಳಿಂದಲೋ ಸೊಸೆಯಿಂದಲೋ ಓದಿಸಿ ಕೇಳಲು ನಮಗೆ ಬಿಡುವಿಲ್ಲವೆ? ಐದು ವರ್ಷದ ಹಿಂದಿನ ಕಾಗದವನ್ನೂ ಜೊತೆಗಿಟ್ಟರೆ ಸೇವೆ ಮಾಡಿ ಅವರು ಎಷ್ಟು ಬಡವಾಗಿದ್ದಾರೆ ಎಂಬುದು ತಾನಾಗಿ ತಿಳಿಯುತ್ತದೆ.

ಹಬ್ಬದ ಸೀರೆಯನ್ನು ತಿರಸ್ಕರಿಸಿ ಎಂದು ಯಾರಿಗೂ ಹೇಳುವ ಅಧಿಕಾರ ನನಗಿಲ್ಲ. ಉಡಲು ಎರಡೇ ಸೀರೆಯಿರುವವಳಿಗೆ ಮೂರನೆಯದರ ಬೆಲೆ ಗೊತ್ತು. ಈಸಿಕೊಳ್ಳುವವರು ಈಸಿಕೊಳ್ಳಲಿ. ಆದರೆ ಸೆರಗೊಡ್ಡಿದ ಮಾತ್ರಕ್ಕೆ ಬಾಯಿ ಮುಚ್ಚಬೇಕಿಲ್ಲ. ನಿಮ್ಮ ಮನಸ್ಸಿನಲ್ಲಿ ಸ್ವಾರ್ಥವಿದೆಯೆ ಎಂದು ನಾಯಕರನ್ನು ಕೇಳುವುದು ವ್ಯರ್ಥ, ಇಲ್ಲವೆಂದೇ ಹೇಳುತ್ತಾರೆ. ಎರಡೇ ಪ್ರಶ್ನೆ ಸಾಕು. ನನ್ನ ಉಡಿಗೆ ಹಾಕಿದ್ದು ಯಾರ ಕಣಜದಿಂದ ತಂದದ್ದು? ಕಾಲುವೆಯ ಕೊನೆಯ ತೂಬಿಗೆ ನೀರು ಬಂದಿದೆಯೆ?