‘ಉಪಶಾಂತ’ ಶಬ್ದದ ಅರ್ಥವಿಚಾರ

ಜೈನಗ್ರಂಥಗಳನ್ನು ಕನ್ನಡಿಸುವಾಗ ‘ಉಪಶಾಂತ’ ಶಬ್ದಕ್ಕೆ ‘ತಣಿದ’ ಎಂದು ಅರ್ಥ ಹೇಳುವುದುಂಟು. ‘ನಾಶವಾದ’ ಎಂದು ಬರೆಯುವವರೂ ಉಂಟು. ಲೋಕರೂಢಿಯಲ್ಲಿ ಕೋಪ ತಣಿಯಿತೆಂದರೆ ಕೋಪ ಹೋಯಿತೆಂದೇ ಭಾವ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟಿನಂತಹ ಕೋಶಗಳು ಪದದ ರೂಢಿಯನ್ನು ತಿಳಿಯಲು ಅತ್ಯಗತ್ಯ. ಆದರೆ ಪಾರಿಭಾಷಿಕ ಶಬ್ದದ ಎಲ್ಲೆಯನ್ನು ನಿಶ್ಚಯಿಸಲು ಟೀಕೆಗಳನ್ನೇ ಆಶ್ರಯಿಸಬೇಕು.

ಪೂಜ್ಯಪಾದರು ಸರ್ವಾರ್ಥಸಿದ್ಧಿಯ ದ್ವಿತೀಯಾಧ್ಯಾಯದ ಆರಂಭದಲ್ಲಿಯೇ ಇದನ್ನು ಸ್ಪಷ್ಟಪಡಿಸಿದ್ದಾರೆ. ಕತಕದ, ಅಂದರೆ ಚಿಲ್ಲದ, ಬೀಜದಿಂದ ನೀರು ತಿಳಿಯಾಗಿ ಕೆಸರು ತಳದಲ್ಲಿ ಕುಳಿತಂತೆ ಉಪಶಮ. ಆ ತಿಳಿನೀರನ್ನು ಬೇರೊಂದು ಶುಚಿಯಾದ ಪಾತ್ರೆಗೆ ಬಗ್ಗಿಸಿದಂತೆ ಕ್ಷಯ. ಎರಡರಲ್ಲಿಯೂ ನೀರು ತಿಳಿಯೇ. ಕೆಸರಿನ ಸ್ಥಿತಿ ಮಾತ್ರ ಬೇರೆ. ನೇಮಿಚಂದ್ರರು ಗೊಮ್ಮಟಸಾರದ ಜೀವಕಾಂಡದಲ್ಲಿ ಹನ್ನೊಂದನೆಯ ಗುಣಸ್ಥಾನಕ್ಕೆ ಕತಕಜಲವನ್ನೂ ಶರತ್ಕಾಲದ ಸರೋವರವನ್ನೂ, ಹನ್ನೆರಡನೆಯದಕ್ಕೆ ಸ್ಫಟಿಕಪಾತ್ರೆಯ ನೀರನ್ನೂ ದೃಷ್ಟಾಂತವಾಗಿ ಕೊಟ್ಟಿರುವುದು ಈ ಭೇದವನ್ನು ಉದ್ದೇಶಿಸಿಯೇ.

ಇಲ್ಲಿ ಒಂದು ಆಕ್ಷೇಪ ಏಳಬಹುದು: ಉಪಶಾಂತಕಷಾಯನನ್ನೂ ಆಗಮವು ವೀತರಾಗನೆಂದೇ ಕರೆಯುವಾಗ ‘ನಾಶ’ವೆಂದರೆ ದೋಷವೇನು? ಸಮಾಧಾನವಿಷ್ಟೆ: ಅವನು ವೀತರಾಗನೆನಿಸುವುದು ಮೋಹದ ಉದಯವಿಲ್ಲದ್ದರಿಂದ, ಸತ್ತೆಯಿಲ್ಲದ್ದರಿಂದಲ್ಲ. ಆ ಗುಣಸ್ಥಾನದ ಕಾಲ ಹೆಚ್ಚೆಂದರೆ ಅಂತರ್ಮುಹೂರ್ತ. ಕಾಲ ಮುಗಿದರೆ ಹತ್ತನೆಯದಕ್ಕೆ ಇಳಿಯುತ್ತಾನೆ. ಆಯುಸ್ಸು ಮುಗಿದರೆ ದೇವಗತಿಯಲ್ಲಿ ಅಸಂಯತನಾಗುತ್ತಾನೆ. ಅಲ್ಲಿಂದ ನೇರವಾಗಿ ಹನ್ನೆರಡನೆಯದಕ್ಕೆ ಏರುವ ದಾರಿಯಿಲ್ಲ, ಕ್ಷಪಕಶ್ರೇಣಿಯೇ ಬೇರೆ. ನಾಶವಾದದ್ದು ಮತ್ತೆ ತಲೆಯೆತ್ತಲಾರದು. ಆದ್ದರಿಂದ ‘ನಾಶ’ವೆಂಬ ಅರ್ಥವನ್ನು ಒಪ್ಪಿದರೆ ಈ ಪತನವೇ ಅಸಂಗತವಾಗುತ್ತದೆ, ಎರಡು ಗುಣಸ್ಥಾನಗಳು ಒಂದಾಗಿಬಿಡುತ್ತವೆ.

ಗೊಮ್ಮಟಸಾರಕ್ಕೆ ಕೇಶವಣ್ಣನು ಶಕ 1281ರಲ್ಲಿ, ಅಂದರೆ ಕ್ರಿ.ಶ. 1359ರಲ್ಲಿ, ರಚಿಸಿದ ವೃತ್ತಿಯು ಕನ್ನಡದಲ್ಲಿಯೇ ಇದೆ. ಇಂತಹ ಪರಂಪರೆಯುಳ್ಳ ನುಡಿಯಲ್ಲಿ ಈ ಭೇದ ಮಸುಕಾಗುವುದು ಉಚಿತವಲ್ಲ. ಉಪಶಾಂತಕ್ಕೆ ‘ಅಡಗಿದ’, ಕ್ಷೀಣಕ್ಕೆ ‘ಅಳಿದ’ ಎಂಬ ಕನ್ನಡ ಪದಗಳು ಸಾಲುತ್ತವೆ. ಅಡಗಿದ್ದು ಮತ್ತೆ ಹೊಮ್ಮಬಲ್ಲದೆಂಬ ಎಚ್ಚರ ಆ ಪದದಲ್ಲಿಯೇ ಇದೆ.

ಇದು ಕೇವಲ ಕೋಶಕಾರರ ಚರ್ಚೆಯಲ್ಲ. ದಶಲಕ್ಷಣಪರ್ವದ ಕೊನೆಗೆ ಪರಸ್ಪರ ಕ್ಷಮೆ ಬೇಡುವ ಶ್ರಾವಕನು ತನ್ನ ಕೋಪ ಅಳಿಯಿತೆಂದು ತಿಳಿದರೆ ಮೈಮರೆಯುತ್ತಾನೆ. ಅಡಗಿದೆಯೆಂದು ತಿಳಿದರೆ ಜಾಗೃತನಾಗಿರುತ್ತಾನೆ. ಸಂಪಾದಕರು ಅರ್ಥಕೋಶವನ್ನು ಸಿದ್ಧಪಡಿಸುವಾಗ ತಳದ ಕೆಸರನ್ನು ಮರೆಯಬಾರದೆಂದು ವಿನಂತಿ.