ವೇಷನಿಯಮ ಮತ್ತು ವಾಕ್ಯಾರ್ಥ: ಸುರಪುರ ಸೀಮೆಯನ್ನು ಕುರಿತು ಒಂದು ವಿಚಾರ

ಕ್ರೈಸ್ತಸಭೆಗಳಲ್ಲಿ ಸ್ತ್ರೀಯರ ಉಡುಗೆತೊಡುಗೆಗಳನ್ನು ಕುರಿತು ನಡೆದುಬಂದಿರುವ ನಿಯಮಗಳಿಗೆಲ್ಲ ಆಧಾರವಾಗಿರುವುವು ಮೂರು ಪ್ರಕರಣಗಳು: ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯ, ಪೇತ್ರನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೊಂದನೆಯ ಅಧ್ಯಾಯ. ಇವು ಗ್ರೀಕ್ ಭಾಷೆಯಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ ಕನ್ನಡಕ್ಕೆ ಬಂದುವು; ಇಡಿಯ ಬೈಬಲ್ 1831ರ ಹೊತ್ತಿಗೆ ಕನ್ನಡದಲ್ಲಿ ಅಚ್ಚಾಯಿತು. ಬೋಧಕರು ಇವನ್ನು ಧರ್ಮಶಾಸ್ತ್ರದ ವಿಷಯವೆಂದು ಎಣಿಸುವರು. ಆದರೆ ಒಂದು ವಾಕ್ಯ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಬಂದಾಗ ಅದರ ವಾಚ್ಯಾರ್ಥ ಮಾತ್ರ ಬರುವುದೊ ತಾತ್ಪರ್ಯವೂ ಬರುವುದೊ ಎಂಬ ಪ್ರಶ್ನೆ ಸಾಹಿತ್ಯವಿಮರ್ಶಕನಿಗೂ ಸೇರಿದುದು. ಅದಕ್ಕೆ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆ ಒಳ್ಳೆಯ ನಿಕಷ.

2009ನೆಯ ಇಸವಿಯ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದ ಯಾದಗಿರಿಯಲ್ಲಿ ಪ್ರಾಟೆಸ್ಟಂಟ್ ಕ್ರೈಸ್ತರು ಬಹುಮಟ್ಟಿಗೆ ಮೆಥಡಿಸ್ಟ್ ಸಂಪ್ರದಾಯದವರು. ಹಾಲ್ಸ್‌ಟನ್ ಹೆಸರಿನ ಮಿಷನ್ ಆಸ್ಪತ್ರೆಯೂ ಆ ಸಂಪ್ರದಾಯದ್ದೇ. ಕೃಷ್ಣೆಯ ಆಚೆ ಮುದಗಲ್ಲಿನಲ್ಲಿ ಆದಿಲಶಾಹಿಯ ಕಾಲದಿಂದ ಕಥೋಲಿಕರಿದ್ದಾರೆ. ಅವರ ಪದ್ಧತಿ ಬೇರೆ, ಅಲ್ಲಿ ವೇಷದ ಕಟ್ಟು ಇಷ್ಟು ಬಿಗಿಯಲ್ಲ. ಮೆಥಡಿಸ್ಟ್ ಸಂಪ್ರದಾಯದಲ್ಲಾದರೊ ಉಡುಗೆಯ ವಿಚಾರ ಆರಂಭದಿಂದಲೂ ಉಂಟು. ಆ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯು 1743ರಲ್ಲಿ ಪ್ರಕಟಿಸಿದ ಸಾಮಾನ್ಯ ನಿಯಮಗಳಲ್ಲಿ ಚಿನ್ನವನ್ನೂ ಬೆಲೆಯುಳ್ಳ ಉಡುಪನ್ನೂ ಧರಿಸುವುದು ನಿಷಿದ್ಧಗಳ ಸಾಲಿಗೆ ಸೇರಿದೆ. 1760ರಲ್ಲಿ ಉಡುಗೆಯ ವಿಷಯವಾಗಿಯೆ ಆತನು ಒಂದು ಹಿತೋಪದೇಶವನ್ನು ಬರೆದನು. 1786ರಲ್ಲಿ ಪೇತ್ರನ ವಾಕ್ಯವನ್ನೇ ಹಿಡಿದು ಒಂದು ಪ್ರಸಂಗವನ್ನು ರಚಿಸಿದನು. 1784ರಲ್ಲಿ ಅಮೆರಿಕದಲ್ಲಿ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ ಏರ್ಪಟ್ಟಾಗ, ಎತ್ತರದ ಕೇಶರಚನೆ, ಭಾರಿ ಟೊಪ್ಪಿಗೆ, ನೆರಿಗೆಯ ಅಂಚು, ಉಂಗುರ ಇವುಳ್ಳವರಿಗೆ ಸಭೆಯ ಪ್ರವೇಶಚೀಟಿ ಕೊಡಬಾರದೆಂಬ ಕಟ್ಟಳೆಯೂ ಆಯಿತು.

ವೆಸ್ಲಿಯ ಬರಹಗಳಲ್ಲಿ ಗಮನಿಸತಕ್ಕುದು ನಿಷೇಧದ ಪಟ್ಟಿಯಲ್ಲ, ಅದಕ್ಕೆ ಕೊಟ್ಟಿರುವ ಕಾರಣ. ಉಡುಪಿಗೆ ಹಾಕಿದ ಹಣ ಹಸಿದವನ ಬಾಯಿಂದಲೂ ಬೆತ್ತಲೆಯವನ ಮೈಯಿಂದಲೂ ಕಿತ್ತ ಹಣವೆಂಬುದು ಆತನ ಮುಖ್ಯವಾದ ವಾದ. ಕ್ವೇಕರ ಸರಳತೆಯನ್ನು ಆತನು ಮೆಚ್ಚಿದನು. ಆದರೆ ಇತರರಿಂದ ಬೇರೆಯಾಗಿ ತೋರುವುದೊಂದೇ ಪ್ರಯೋಜನವಾಗಿದ್ದ ಅವರ ವೇಷವಿಶೇಷಗಳನ್ನು ಅನುಕರಿಸಬೇಡಿರೆಂದನು. ದುಡಿಮೆಯಿಂದ ಹಣವಂತರಾಗುತ್ತಿದ್ದ ಇಂಗ್ಲೆಂಡಿನ ಜನರಿಗೆ ಹೇಳಿದ ಮಾತಿದು. ಅದರಲ್ಲಿ ಅನೌಚಿತ್ಯವೇನೂ ಇಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಅಮೆರಿಕದ ಮೆಥಡಿಸ್ಟರೇ ಈ ಕಟ್ಟನ್ನು ಸಡಿಲಿಸಿದರು. ಅವರಿಂದ ಒಡೆದು ಬೆಳೆದ ಪರಿಶುದ್ಧತಾಪಂಥಗಳು ಅದನ್ನು ಬಿಡಲಿಲ್ಲ. ಅವುಗಳ ಮಗ್ಗುಲಲ್ಲಿ ಹುಟ್ಟಿದ ಪೆಂತೆಕೊಸ್ತ ಸಭೆಗಳ ಮೂಲಕ ಅದು ದಕ್ಷಿಣ ಭಾರತದಲ್ಲಿ ಮತ್ತೆ ಬಲಗೊಂಡಿತು. ಅಂಥ ಅನೇಕ ಸಭೆಗಳಲ್ಲಿ ದೀಕ್ಷಾಸ್ನಾನಕ್ಕೆ ಮುಂಚೆ ಮೂಗುತಿ, ಓಲೆ, ಬಳೆಗಳನ್ನು ತೆಗೆದಿಡುವುದೇ ವಿಶ್ವಾಸದ ಪರೀಕ್ಷೆಯಾಗಿದೆ. ಪಟ್ಟಿ ಉಳಿಯಿತು, ಕಾರಣ ಹಿಂದೆ ಬಿದ್ದಿತು.

ಇನ್ನು ಮೂಲವಾಕ್ಯಗಳ ವಿಚಾರ. ಪೇತ್ರನ ವಾಕ್ಯದಲ್ಲಿ ಸ್ತ್ರೀಯರ ಭೂಷಣ ಯಾವುದಾಗಬಾರದೆಂದು ಹೇಳುವಲ್ಲಿ ಮೂರು ವಸ್ತುಗಳು ಬರುವುವು: ಕೂದಲನ್ನು ಹೆಣೆಯುವುದು, ಚಿನ್ನವನ್ನು ಇಡುವುದು, ವಸ್ತ್ರವನ್ನು ಉಡುವುದು. ಗ್ರೀಕ್ ಮೂಲದಲ್ಲಿ ಮೂರನೆಯದಕ್ಕೆ ವಿಶೇಷಣವಿಲ್ಲ. ಅನೇಕ ಭಾಷಾಂತರಕಾರರು ಒಳ್ಳೆಯ, ಬೆಲೆಯುಳ್ಳ ಎಂದು ಮುಂತಾಗಿ ತಾವೇ ಸೇರಿಸಿಕೊಂಡರು. ಸೇರಿಸದೆ ಅವರಿಗೆ ಗತಿಯೇ ಇರಲಿಲ್ಲ. ಏಕೆಂದರೆ ವಾಕ್ಯವನ್ನು ಶುದ್ಧ ನಿಷೇಧವೆಂದು ಹಿಡಿದರೆ ಬಟ್ಟೆಯನ್ನು ಉಡುವುದೇ ನಿಷಿದ್ಧವಾಗುವುದು. ಇಂಥ ಎಡೆಯಲ್ಲಿ ಮೀಮಾಂಸಕರ ನಹಿನಿಂದಾನ್ಯಾಯವೇ ಶರಣು. ಒಂದನ್ನು ನಿಂದಿಸಿದುದು ಅದನ್ನು ತಳ್ಳುವುದಕ್ಕಲ್ಲ, ಮತ್ತೊಂದನ್ನು ಸ್ತುತಿಸುವುದಕ್ಕೆ. ಮುಂದಿನ ವಾಕ್ಯದಲ್ಲಿ ಬರುವ ಶಾಂತವಾದ ಒಳಗಿನ ಮನಸ್ಸಿನ ಪ್ರಶಂಸೆಗೆ ಹಿಂದಿನದು ಅಂಗ. ಅದರಿಂದ ವಿಧಿನಿಷೇಧಗಳ ಪಟ್ಟಿಯನ್ನು ತೆಗೆಯಹೊರಟವರು ಅರ್ಥವಾದವನ್ನು ವಿಧಿಯೆಂದು ಭ್ರಮಿಸಿದರೆಂದೇ ಹೇಳಬೇಕು.

ತಿಮೊಥೆಯನಿಗೆ ಬರೆದುದರ ಸ್ಥಿತಿ ಇಷ್ಟು ಸುಲಭವಲ್ಲ. ಅಲ್ಲಿ ವಸ್ತ್ರಕ್ಕೆ ಬೆಲೆಯುಳ್ಳ ಎಂಬ ವಿಶೇಷಣ ಮೂಲದಲ್ಲಿಯೇ ಇದೆ. ಜಡೆ, ಚಿನ್ನ, ಮುತ್ತುಗಳೊಡನೆ ಅದನ್ನು ಎಣಿಸಿದೆ. ಇದು ನಿಷೇಧವೇ ಹೌದು. ಆದರೆ ಯಾವುದರ ನಿಷೇಧ? ಜೊತೆಗಿರುವ ಮೂರೂ ದುಬಾರಿಯವು, ಮೆರೆಯುವುದಕ್ಕೆ ತಕ್ಕುವು. ಸಾಹಚರ್ಯದಿಂದ ಜಡೆಯೆಂದರೆ ಎಫೆಸದಂಥ ಪಟ್ಟಣದ ಸಿರಿವಂತ ಹೆಂಗಸರು ದಾಸಿಯರ ಕೈಯಲ್ಲಿ ಕಟ್ಟಿಸಿಕೊಳ್ಳುತ್ತಿದ್ದ, ಚಿನ್ನದೆಳೆಗಳನ್ನು ಹೆಣೆದ ಕೇಶಬಂಧವೆಂದು ನಿರ್ಣಯಿಸಬೇಕಾಗುತ್ತದೆ. ಇಲ್ಲಿ ಪೂರ್ವಪಕ್ಷದವರು ಹೇಳಬಹುದು: ಹೇತುವನ್ನು ಕಲ್ಪಿಸಿಕೊಂಡು ನಿಯಮವನ್ನು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಸಲ್ಲದು; ಶೂರ್ಪದಿಂದ ಹೋಮಮಾಡುವ ಪ್ರಕರಣದಲ್ಲಿ ಅನ್ನ ಸಿದ್ಧವಾಗುವುದೆಂಬ ಕಾರಣವನ್ನು ಸ್ತುತಿಯೆಂದೆಣಿಸಿ ಶೂರ್ಪವನ್ನೇ ಉಳಿಸಲಿಲ್ಲವೆ, ಎಂದು. ಇದಕ್ಕೆ ಸಮಾಧಾನ: ಆ ನ್ಯಾಯ ಅಪೌರುಷೇಯವೆನಿಸಿದ ವಾಕ್ಯಕ್ಕೆ. ಒಬ್ಬನು ಇನ್ನೊಬ್ಬನಿಗೆ, ಗೊತ್ತಾದ ಊರಿನ ಗೊತ್ತಾದ ಸಭೆಯನ್ನು ಕುರಿತು ಬರೆದ ಪತ್ರಿಕೆಯಲ್ಲಿ ಬರೆದವನ ವಿವಕ್ಷೆಯನ್ನು ಬಿಟ್ಟು ಅರ್ಥಮಾಡುವುದು ಹೇಗೆ?

ಕನ್ನಡಕ್ಕೆ ಬಂದಾಗ ಈ ತೊಡಕು ಇಮ್ಮಡಿಯಾಗುತ್ತದೆ. ಸುರಪುರ ಸೀಮೆಯಲ್ಲಿ ಜಡೆ ಹೆಣೆದುಕೊಳ್ಳುವುದು ಸಿರಿಯ ಮೆರವಣಿಗೆಯಲ್ಲ. ಹೊಲಕ್ಕೆ ಹೋಗುವ ಬಡವಳೂ ಎಣ್ಣೆ ಹಚ್ಚಿ ಹೆಣೆದುಕೊಂಡೇ ಹೋಗುವಳು. ಕೂದಲನ್ನು ಬಿಚ್ಚಿ ಹರಡಿದವಳನ್ನು ಕಂಡರೆ ಸಾವಿನ ಮನೆಯವಳೆಂದೊ ಮೈಮೇಲೆ ದೇವರು ಬಂದವಳೆಂದೊ ಜನ ತಿಳಿಯುವರು. ಕಾವ್ಯಸಂಪ್ರದಾಯವೂ ಹೀಗೆಯೇ. ಭಟ್ಟನಾರಾಯಣನ ನಾಟಕಕ್ಕೆ ದ್ರೌಪದಿಯ ಜಡೆಯನ್ನು ಕಟ್ಟುವುದೇ ಹೆಸರಾಯಿತು. ಪಂಪನಲ್ಲಿಯೂ ರನ್ನನಲ್ಲಿಯೂ ಬಿಚ್ಚಿದ ಮುಡಿ ಅವಮಾನದ ಗುರುತು, ಕಟ್ಟಿದ ಮುಡಿ ಅದು ತೀರಿದುದರ ಗುರುತು. ಎಫೆಸದಲ್ಲಿ ಡಂಭವಾದುದು ಇಲ್ಲಿ ಮಾನ. ಎರಡಕ್ಕೂ ಕನ್ನಡದಲ್ಲಿ ಒಂದೇ ಶಬ್ದ.

ಹಣೆ, ಬಳೆ, ಕೊರಳುಗಳ ಮಾತೂ ಇದೇ. ಮಮ್ಮಟನು ವ್ಯಂಜನೆಗೆ ಕಾರಣಗಳನ್ನು ಎಣಿಸುವಾಗ ಹೇಳುವವನು, ಕೇಳುವವನು, ಪ್ರಸ್ತಾವ, ದೇಶ, ಕಾಲ ಇವನ್ನು ಸೇರಿಸಿರುವನಷ್ಟೆ. ವೇಷವೂ ಒಂದು ಉಕ್ತಿಯೇ. ಭರತನು ಆಹಾರ್ಯವನ್ನು ಅಭಿನಯದ ನಾಲ್ಕು ಬಗೆಗಳಲ್ಲಿ ಒಂದೆಂದು ಎಣಿಸಿರುವುದು ಸುಮ್ಮನೆ ಅಲ್ಲ. ಬರಿಯ ಹಣೆ, ಬರಿಯ ಕೈ ಇವು ಬೋಧಕನ ಮನಸ್ಸಿನಲ್ಲಿ ನಿರಾಡಂಬರವನ್ನು ಹೇಳಬಹುದು. ಶಹಾಪುರದ ಸಂತೆಯಲ್ಲಿ ಅವು ವೈಧವ್ಯವನ್ನು ಹೇಳುವುವು. ಗಂಡನೊಡನೆ ನಡೆದುಹೋಗುವವಳನ್ನು ನೋಡಿ ಎದುರಿಗೆ ಬಂದವರು ಅಪಶಕುನವೆಂದು ಮೋರೆ ತಿರುಗಿಸಿದರೆ, ಆಕೆ ಆಡದ ಮಾತನ್ನು ಆಕೆಯ ಮೈ ಆಡಿದಂತಾಯಿತು. ಇದನ್ನು ಸಹಿಸುವುದೇ ಶಿಲುಬೆಯನ್ನು ಹೊರುವುದೆಂದು ಹೇಳುವ ಬೋಧಕರಿದ್ದಾರೆ. ಹೊರುವವಳು ಆಕೆ, ಹೊರಿಸಿದುದು ಸುವಾರ್ತೆಯೊ ಭಾಷಾಂತರವೊ ಎಂಬುದನ್ನು ಮಾತ್ರ ಅವರು ವಿಚಾರಿಸರು. ವಿಧವೆಯನ್ನು ಅಪಶಕುನವೆನ್ನುವ ಊರಿನ ರೂಢಿ ಕ್ರೂರವಾದುದೇ, ಸಂದೇಹವಿಲ್ಲ. ಆದರೆ ಆ ರೂಢಿಯನ್ನು ಮುರಿಯಲೆಂದು ಈ ನಿಯಮ ಹುಟ್ಟಲಿಲ್ಲ.

ಹಾಗಾದರೆ ಆಭರಣತ್ಯಾಗವೆಲ್ಲ ಅರ್ಥಶೂನ್ಯವೊ? ಅಲ್ಲ. ಪೌಲನ ಪಟ್ಟಿಯಲ್ಲಿರುವ ಮುತ್ತೆಂಬ ಮಾತು ಇಲ್ಲಿ ಪಡೆಯುವ ಅರ್ಥ ಬೇರೆ. ಈ ಪ್ರಾಂತದಲ್ಲಿ ಮುತ್ತು ಕಟ್ಟುವುದೆಂದರೆ ಹೆಣ್ಣುಮಗುವನ್ನು ದೇವಿಗೆ ಬಿಡುವುದು. ಕೊರಳಿನ ಕೆಂಪು ಬಿಳಿ ಮಣಿಗಳು ಆಕೆಯ ಮುಂದಿನ ಬಾಳನ್ನು ಕಟ್ಟಿಹಾಕುತ್ತಿದ್ದುವು. 1982ರ ಕರ್ನಾಟಕ ದೇವದಾಸಿ ಸಮರ್ಪಣ ನಿಷೇಧದ ಕಾನೂನಿಗೆ ಗುರಿಯಾದುದು ಇದೇ. ಅಂಥ ಮಣಿಯನ್ನು ಹರಿದೆಸೆದವಳಿಗೆ ಆಭರಣತ್ಯಾಗವು ಬಿಡುಗಡೆಯಲ್ಲದೆ ಬೇರೆಯಲ್ಲ. ಪಾಶ್ಚಾತ್ಯ ಸಾಗರದ ಮುತ್ತನ್ನು ಕುರಿತ ವಾಕ್ಯ ಇಲ್ಲಿ ಯಾರೂ ಎಣಿಸದೆ ಸಾರ್ಥಕವಾಗುವುದು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಈ ಸೀಮೆಯ ಸಭೆಗಳಿಗೆ ಸೇರಿದವರಲ್ಲಿ ಬಹುಮಂದಿ ದಲಿತ ಕುಲಗಳವರು. ಮೊಣಕಾಲ ಕೆಳಗೆ ಬಟ್ಟೆ ಇಳಿಯಬಾರದು, ಕೇರಿಯ ಹೊರಗೆ ಮೆಟ್ಟು ಮೆಟ್ಟಬಾರದು, ಒಡವೆ ಇಡಬಾರದು ಎಂಬ ಕಟ್ಟುಗಳನ್ನು ತಲೆಮಾರುಗಳಿಂದ ಕಂಡವರಿಗೆ ಸರಳವಾಗಿ ಉಡಿರೆಂಬುದು ಉಪದೇಶವೆ? ಇದ್ದವನು ಬಿಟ್ಟರೆ ತ್ಯಾಗ. ಇಲ್ಲದಂತೆ ಮಾಡಲ್ಪಟ್ಟವನಿಗೆ ಬಿಡುವುದೇನಿದೆ? ತಿರುವಾಂಕೂರಿನಲ್ಲಿ ನಾಡಾರ್ ಸ್ತ್ರೀಯರು ಕ್ರೈಸ್ತರಾದ ಮೇಲೆ ಎದೆಯ ಮೇಲೆ ವಸ್ತ್ರ ಹಾಕಿಕೊಂಡುದಕ್ಕೆ ಮೇಲುಜಾತಿಯವರು ಬೀದಿಯಲ್ಲಿ ಅದನ್ನು ಕಿತ್ತೆಸೆದರು. ದಶಕಗಳ ಕಲಹದ ಮೇಲೆ 1859ರ ರಾಜಘೋಷಣೆಯಿಂದ ಆ ಹಕ್ಕು ದೊರೆಯಿತು. ಅಲ್ಲಿ ಒಂದು ತುಂಡು ಬಟ್ಟೆ ಹೆಚ್ಚಾದುದೇ ಸುವಾರ್ತೆಯ ಫಲ. ಅದರಿಂದ ಭಾನುವಾರದ ಆರಾಧನೆಗೆ ರೇಷ್ಮೆಯ ಸೆರಗಿನ ಇಳಕಲ್ ಸೀರೆಯನ್ನೂ ಗುಳೇದಗುಡ್ಡದ ಖಣದ ಕುಪ್ಪಸವನ್ನೂ ತೊಟ್ಟು ಬರುವ ಕೂಲಿಯ ಹೆಂಗಸನ್ನು ನೋಡಿ ಡಂಭವೆನ್ನುವವನು ವೆಸ್ಲಿಯ ಮಾತನ್ನು ತಲೆಕೆಳಗಾಗಿ ಓದಿರುವನು. ಬಡವರಿಂದ ಕಿತ್ತ ಹಣ ಅದಲ್ಲ; ಬಡವಳು ತಾನು ದುಡಿದುದು.

ವೇಷದ ವಿಚಾರ ಈ ನೆಲಕ್ಕೆ ಹೊಸದಲ್ಲ. ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ನೇಯ್ದ ದಿವ್ಯವಸ್ತ್ರವನ್ನು ಬೇಡಬಂದ ಜಂಗಮನಿಗೆ ಕೊಟ್ಟು, ಅವನು ಅದನ್ನು ಕಣ್ಣೆದುರಿಗೇ ಸೀಳಿದರೂ ನೊಂದುಕೊಳ್ಳದವನ ಕಥೆ ಎಲ್ಲರಿಗೂ ತಿಳಿದುದು. ಗಂಡುಹೆಣ್ಣುಗಳ ಭೇದ ಮೈಯ ಗುರುತುಗಳಿಗೆ ಸೇರಿದುದೇ ಹೊರತು ಆತ್ಮಕ್ಕಲ್ಲವೆಂದು ಸಾರಿದವನೂ ಅವನೇ. ಬಟ್ಟೆ ನೇಯುವವನಿಗೆ ಬಟ್ಟೆಯ ಬೆಲೆ ಗೊತ್ತು, ಮೇರೆಯೂ ಗೊತ್ತು. ಅದೇ ಸೀಮೆಯ ಕೆಂಭಾವಿಯ ಭೋಗಣ್ಣನು ಅಂತ್ಯಜವೇಷದಲ್ಲಿ ಬಂದ ಶಿವನನ್ನು ಮನೆಯೊಳಗೆ ಕರೆದು ಉಣಿಸಿದುದರಿಂದ ಊರು ಬಿಡಬೇಕಾಯಿತು. ಊರಿನ ಲಿಂಗಗಳೆಲ್ಲ ಅವನ ಹಿಂದೆ ಹೊರಟುವೆಂದು ಪುರಾಣ. ಶರಣರಲ್ಲಿ ಲಾಂಛನಕ್ಕೆ ಗೌರವವೂ ಇತ್ತು, ಬರಿಯ ಲಾಂಛನಧಾರಿಯ ನಿಂದೆಯೂ ಇತ್ತು. ಒಂದನ್ನು ಎತ್ತಿ ಮತ್ತೊಂದನ್ನು ಮುಚ್ಚುವ ಈಚಿನ ವ್ಯಾಖ್ಯಾನಗಳು ಅಪೂರ್ಣ. ಕೂದಲು ಸ್ತ್ರೀಗೆ ಹೊದಿಕೆಯಾಗಿ ಕೊಟ್ಟುದೆಂದು ಕೊರಿಂಥದವರಿಗೆ ಬರೆದ ಪೌಲನು ಅದರ ಮೇಲೆ ಮುಸುಕನ್ನೂ ಬೇಡುವನು. ಅಕ್ಕಮಹಾದೇವಿ ಕೂದಲೊಂದನ್ನೇ ಹೊದ್ದು ನಡೆದಳು. ಈ ಹೋಲಿಕೆಯನ್ನು ಬೋಧಕರು ಒಪ್ಪಲಾರರು, ಆದರೆ ಕನ್ನಡದ ಓದುಗನಿಗೆ ಅದು ಹೊಳೆಯದೆ ಇರದು.

ಅಲಂಕಾರವೆಂಬ ಶಬ್ದವನ್ನೇ ಇಲ್ಲಿ ಬಿಡಿಸಿ ನೋಡಬೇಕು. ಅಲಂ ಎಂದರೆ ಸಾಕು. ಸಾಕೆನಿಸುವಂತೆ ಮಾಡುವುದು ಅಲಂಕಾರ. ಪೌಲನು ತಿಮೊಥೆಯನಿಗೆ ಬರೆದಲ್ಲಿ ತಕ್ಕ ಉಡುಪನ್ನು ಹೇಳಲು ಬಳಸಿದ ಶಬ್ದ ಗ್ರೀಕಿನ ಕೊಸ್ಮೊಸ್ ಎಂಬುದರ ಸಂಬಂಧಿ; ಅದಕ್ಕೆ ಕ್ರಮವೆಂದೂ ಭೂಷಣವೆಂದೂ ಅರ್ಥ. ಎರಡು ಭಾಷೆಗಳೂ ಭೂಷಣವನ್ನು ಮಿತಿಯೊಡನೆ ಬೆಸೆದಿವೆ. ಕ್ಷೇಮೇಂದ್ರನು ಇದನ್ನೇ ಔಚಿತ್ಯವೆಂದನು. ಕಟಿಯ ಒಡವೆ ಕೊರಳಿಗೆ ಬಂದರೆ ನಗೆಪಾಟಲೆಂಬ ಅವನ ಮಾತು ತಪ್ಪಾದ ಎಡೆಯನ್ನು ಕುರಿತುದು, ಒಡವೆಯನ್ನು ಕುರಿತುದಲ್ಲ.

ಸಭೆಗಳು ಈ ಔಚಿತ್ಯವನ್ನು ಕಂಡ ಕಾಲವೂ ಉಂಟು. ಮಧುರೆಯಲ್ಲಿ ದೆ ನೊಬಿಲಿಯು ಸಂನ್ಯಾಸಿಯ ವೇಷವನ್ನು ತಾಳಿದನು. ಜನಿವಾರ, ಶಿಖೆ, ಗಂಧಗಳನ್ನು ದೇಶಾಚಾರವೆಂದು 1623ರಲ್ಲಿ ರೋಮಿನ ಗುರುಪೀಠವೇ ಒಪ್ಪಿತು. 1704ರಲ್ಲಿ ಪುದುಚೇರಿಯಲ್ಲಿ ತೂರ್ನೋನ್ ಹೊರಡಿಸಿದ ಆಜ್ಞೆ ಮಾತ್ರ ಎದುರು ದಿಕ್ಕಿನದು. ಆದರೂ ಗಣಪತಿಯ ಬಿಂಬವುಳ್ಳ ತಾಳಿಯನ್ನು ನಿಷೇಧಿಸಿದ ಆ ಆಜ್ಞೆಯೂ ಶಿಲುಬೆಯ ಗುರುತುಳ್ಳ ತಾಳಿಗೆ ಎಡೆಗೊಟ್ಟಿತು. ಇಂದು ಕನ್ನಡ ಕ್ರೈಸ್ತರಲ್ಲಿ ಅನೇಕರ ಕೊರಳಲ್ಲಿ ಕಾಣುವ ಶಿಲುಬೆಯ ತಾಳಿ ಆ ಬಗೆಯ ಸಂಧಾನದ್ದೇ. ಮದುವೆಯ ಬಿಳಿಯ ಸೀರೆಯಾದರೊ ಯಾವ ಅಪೊಸ್ತಲನ ಆಜ್ಞೆಯೂ ಅಲ್ಲ. ವಿಕ್ಟೋರಿಯಾ ರಾಣಿ 1840ರ ತನ್ನ ಮದುವೆಯಲ್ಲಿ ಬಿಳಿಯುಟ್ಟ ಮೇಲೆ ಪಾಶ್ಚಾತ್ಯರಲ್ಲಿ ಬಲಿತ ರೂಢಿ. ಕವಿಸಮಯದಲ್ಲಿ ಕೀರ್ತಿಗೂ ನಗೆಗೂ ಬಿಳುಪೇ ಬಣ್ಣ, ಸರಸ್ವತಿಯ ಉಡುಗೆಯೂ ಬಿಳಿದೇ. ಆದುದರಿಂದ ಬಿಳಿಯ ಮದುವಣಗಿತ್ತಿಯನ್ನು ಕಂಡು ಬೆಚ್ಚಬೇಕಾದುದಿಲ್ಲ. ಆದರೆ ಆ ರೂಢಿಯನ್ನು ಪರಂಪರೆಯೆಂದು ಕಾಯುವ ಸಭೆಯೇ ಆಕೆಯ ಕೈಯ ಹಸಿರು ಬಳೆಯನ್ನು ಲೋಕಾಚಾರವೆಂದು ತೆಗೆಯಿಸಿದರೆ, ಒಂದು ಲೋಕದ ಆಚಾರವನ್ನು ಇಳಿಸಿ ಮತ್ತೊಂದು ಲೋಕದ ಆಚಾರವನ್ನು ಉಡಿಸಿತೆಂದಷ್ಟೇ ಆಯಿತು.